ಸರಿ ಬಂದ ಅಂಕಿ

ಪ್ಲಾಸ್ಟಿಕ್‌ಗೆ ಸಾವಿಲ್ಲ ಎಂದು ಇಪ್ಪತ್ತಾರು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಒಡೆದ ಮೀನಿನ ಕ್ರೇಟು ತನ್ನಿ, ಹರಿದ ಬಲೆಯ ಹಗ್ಗ ತನ್ನಿ, ಪುಡಿ ಮಾಡಿ, ತೊಳೆದು, ಕರಗಿಸಿ ಹೊಸ ಕಾಳು ಮಾಡಿಕೊಡುತ್ತೇನೆ, ಅದೂ ಸವೆದರೆ ಮತ್ತೆ ತನ್ನಿ ಎನ್ನುತ್ತಿದ್ದೆ. ನನ್ನ ಹೆಸರು ಐನರ್. ಉತ್ತರದ ಚಳಿನಾಡು ಯೂಟ್ಲೆಂಡಿನ ಪಶ್ಚಿಮದಲ್ಲಿ, ನೆಲದೊಳಗೆ ಚಾಚಿದ ಸಮುದ್ರದ ತೋಳಾದ ಫ್ಯೋರ್ಡಿನ ದಂಡೆಯ ಪುಟ್ಟ ಬಂದರಿನಲ್ಲಿ ಮೀನುಗಾರರ ಹಳೆಯ ಪ್ಲಾಸ್ಟಿಕ್ ಕರಗಿಸುವ ಯಂತ್ರದ ಮುಂದೆ ಆಯುಷ್ಯ ಕಳೆದವನು. ಈಗ ಆ ಮಾತು ನೆನಪಾದರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಕಾರ್ಖಾನೆಯ ಪರೀಕ್ಷೆಯ ಕೋಣೆ ಬೋಡಿಲ್ ಎಂಬುವಳದು. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ನೂರು ಪಾಲು ಬುದ್ಧಿವಂತೆ. ನಾನು ಕಾಳು ಮಾಡಿ ಕೊಟ್ಟರೆ ಅವಳು ಒಂದು ಹಿಡಿಯನ್ನು ಬಿಸಿ ಕೊಳವೆಗೆ ಸುರಿದು, ಮೇಲೆ ಭಾರದ ಗುಂಡು ಇಟ್ಟು, ಕೆಳಗಿನ ತೂತಿನಿಂದ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಹರಿದು ಬಂತೆಂದು ತೂಗುತ್ತಾಳೆ. ಕ್ರೇಟಿನ ಕಾಳಿಗೆ ಐದು ಬರಬೇಕು. ಏಳೋ ಎಂಟೋ ಬಂದರೆ ಮಾಲು ನೀರಾಗಿದೆ ಎಂದು ಅರ್ಥ, ಎರಡು ಬಂದರೆ ಗಂಟು ಕಟ್ಟಿದೆ ಎಂದು. ಆ ಅಂಕಿ ನೋಡಿಯೇ ನಾವು ಮಾಲನ್ನು ಒಪ್ಪುವುದು, ಬಿಡುವುದು. ಇನ್ನೊಂದು ಕಟ್ಟುನಿಟ್ಟಿನ ನಿಯಮವಿದೆ: ಹಗ್ಗದ ಸಾಲು ಬೇರೆ, ಕ್ರೇಟಿನ ಸಾಲು ಬೇರೆ. ಹಸಿರು ಚೀಲದ್ದು ನೀಲಿ ಚೀಲಕ್ಕೆ ಸೇರಕೂಡದು. ಹೊಸಬರಿಗೆ ಮೊದಲ ದಿನವೇ ಇದನ್ನು ಗದರಿಸಿ ಹೇಳಿಕೊಡುವವನು ನಾನೇ.

ನನ್ನ ಹೆಂಡತಿ ಡಾಗ್ನಿ ಮೀನುಗಾರನ ಮಗಳು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ನಾವೆಲ್ಲ ಉಣ್ಣೆಯೊಳಗೆ ಹುದುಗಿಕೊಂಡು ಮೂಗು ಸೊರಸೊರ ಎನ್ನಿಸುವಾಗ, ಅವಳು ಬೆಳಿಗ್ಗೆ ಏಳಕ್ಕೆ ಚಳಿಗಾಲದ ಈಜಿನ ಕ್ಲಬ್ಬಿನ ಕಟ್ಟೆಗೆ ಹೋಗಿ ಫ್ಯೋರ್ಡಿಗೆ ಇಳಿಯುತ್ತಿದ್ದಳು. ಬೇಸಿಗೆಯಲ್ಲಿ ಅರ್ಧ ತಾಸು, ಚಳಿಗಾಲದಲ್ಲಿ ಎರಡು ನಿಮಿಷ, ಒಂದು ದಿನವೂ ತಪ್ಪಿಸಿದವಳಲ್ಲ. ನಾನು ಮೇಲೆ ಟವಲ್ಲು, ಕಾಫಿಯ ಫ್ಲಾಸ್ಕು ಹಿಡಿದು ನಿಂತಿರುತ್ತಿದ್ದೆ.

"ನೀನೂ ಒಂದ್ಸಲ ಇಳಿಯೋ, ಪ್ರಾಣ ಹೋಗಲ್ಲ" ಅನ್ನುತ್ತಿದ್ದಳು ಕೆಳಗಿನಿಂದ.

"ನಂಗೆ ಹುಚ್ಚು ಹಿಡಿದಿಲ್ಲ."

"ಹುಚ್ಚು ಹಿಡಿಯಕ್ಕೂ ತಲೇಲಿ ಏನಾದ್ರೂ ಇರಬೇಕು ಕಣೋ."

ಸುತ್ತ ಇದ್ದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಇನ್ನೇನು ಮಾಡಲಿ.

ಅವಳ ಅಪ್ಪ ಕ್ರೆಸ್ಟನ್ ತೀರಿಕೊಂಡ ಮೇಲೆ ಅವನ ದೋಣಿ ನಾಲ್ಕು ವರ್ಷ ಬಂದರಿನಲ್ಲಿ ಸುಮ್ಮನೆ ನಿಂತಿತ್ತು. ಕೊನೆಗೆ ಅದನ್ನು ಒಡೆದರು. ದೋಣಿಯೊಳಗಿನ ಕ್ರೇಟುಗಳೂ ಹಸಿರು ಬಲೆಹಗ್ಗವೂ ನೇರ ನನ್ನ ಅಂಗಳಕ್ಕೆ ಬಂದವು. ಡಾಗ್ನಿ ಮಧ್ಯಾಹ್ನದ ಬಿಡುವಿನಲ್ಲಿ ನೋಡಲು ಬಂದಳು. ಹಗ್ಗದ ರಾಶಿಯ ಮುಂದೆ ಕೂತು, ಒಂದು ಗಂಟನ್ನು ಬೆರಳಲ್ಲಿ ಸವರಿ, "ಇದು ಅಪ್ಪ ಹಾಕಿದ ಗಂಟು. ಬೇರೆ ಯಾರೂ ಹಿಂಗೆ ಹಾಕಲ್ಲ" ಎಂದಳು. ಅಳಲಿಲ್ಲ. ಅವರ ಮನೆಯವರು ಅಳುವ ಪೈಕಿ ಅಲ್ಲ. ಆದರೆ ಬಿಡುವು ಮುಗಿದ ಮೇಲೂ ಅಲ್ಲೇ ಕೂತಿದ್ದಳು.

ನನ್ನ ಹಾಳು ತಲೆಗೆ ಆಗ ಒಂದು ಉಪಾಯ ಹೊಳೆಯಿತು. ನವೆಂಬರಿನಲ್ಲಿ ಅವಳಿಗೆ ಅರವತ್ತು ತುಂಬುವುದಿತ್ತು. ಕ್ಲಬ್ಬಿನ ಕಟ್ಟೆಯಿಂದ ನೀರಿಗೆ ಇಳಿಯುವ ಮರದ ಮೆಟ್ಟಿಲುಗಳು ಪಾಚಿ ಹಿಡಿದು ಕೊಳೆಯುತ್ತಿದ್ದವು. ಕ್ರೆಸ್ಟನ್‌ನ ಕ್ರೇಟು, ಹಗ್ಗ ಕರಗಿಸಿ ಮೂರು ಮೆಟ್ಟಿಲು ಮಾಡಿ ಹಾಕಿದರೆ, ದಿನಾ ಬೆಳಿಗ್ಗೆ ಅವಳು ಅಪ್ಪನ ಮೇಲೆ ಕಾಲಿಟ್ಟೇ ಸಮುದ್ರಕ್ಕೆ ಇಳಿಯಬಹುದಲ್ಲ! ಕ್ಲಬ್ಬಿನ ಕಾರ್ಯದರ್ಶಿ ಪ್ರೆಬೆನ್ ಒಪ್ಪಿದ. ನಾನು ಮಾಡಿದ್ದು ಎಂದರೆ ಊರಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.

ವರ್ಷದ ನಲವತ್ತೆರಡನೇ ವಾರ, ಅಕ್ಟೋಬರಿನ ನಡುವೆ, ಎಲ್ಲರಿಗೂ ರಜೆ. ಬೋಡಿಲ್ ಅಕ್ಕನ ಮನೆಗೆ ಹೋಗಿದ್ದಳು. ಕಾರ್ಖಾನೆಯಲ್ಲಿ ನಾನೊಬ್ಬನೇ. ಕ್ರೇಟು ಬೇರೆ, ಹಗ್ಗ ಬೇರೆ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನನಗೆ ಎರಡೂ ಒಂದಾಗಬೇಕಿತ್ತು. ಅವನು ಹಿಡಿದ ಮೀನೂ ಹಿಡಿದ ಹಗ್ಗವೂ ಒಟ್ಟಿಗಿದ್ದವಲ್ಲ, ಬೇರೆ ಮಾಡಲು ನಾನ್ಯಾರು ಅನ್ನಿಸಿತು. ಎರಡನ್ನೂ ಯಂತ್ರದ ಒಂದೇ ಬಾಯಿಗೆ ಸುರಿದೆ.

ಮೊದಲ ಸಲ ಬಂದ ಹಲಗೆ ಗಂಟುಗಂಟಾಗಿ, ಹಸಿರು ನೀಲಿ ಚುಕ್ಕೆ ಹೊಡೆದು, ನೋಡಲು ಅಸಹ್ಯವಾಗಿತ್ತು. ಪುಡಿ ಮಾಡಿ ಮತ್ತೆ ಕರಗಿಸಿದೆ. ಸ್ವಲ್ಪ ವಾಸಿ. ಮತ್ತೆ ಪುಡಿ, ಮತ್ತೆ ಯಂತ್ರದ ಬಿಸಿ ತಿರುಪಿನೊಳಗೆ. ಐದನೇ ಸಲಕ್ಕೆ ಎಂಥ ನಯ ಅಂತೀರಿ! ಮಾರ್ಚ್ ತಿಂಗಳ ಫ್ಯೋರ್ಡಿನ ಬಣ್ಣ, ಕೈಯಾಡಿಸಿದರೆ ಬೆಣ್ಣೆ. ನಾನು ಅಷ್ಟಕ್ಕೇ ಬಿಟ್ಟವನೂ ಅಲ್ಲ. ಬೋಡಿಲ್‌ಳ ಕೋಣೆಗೆ ಹೋಗಿ, ಬಿಸಿ ಕೊಳವೆಗೆ ಒಂದು ಹಿಡಿ ಸುರಿದು, ಗುಂಡು ಇಟ್ಟು, ಹತ್ತು ನಿಮಿಷ ಗಡಿಯಾರ ನೋಡುತ್ತಾ ಕೂತೆ. ತೂಗಿದೆ. ಐದು. ನಾಲ್ಕೂ ಮುಕ್ಕಾಲಲ್ಲ, ಐದೂಕಾಲಲ್ಲ, ಸರಿಯಾಗಿ ಐದು. ಒಬ್ಬನೇ ಇದ್ದೆನಲ್ಲ, ಕುಣಿದುಬಿಟ್ಟೆ.

ಹುಟ್ಟುಹಬ್ಬದ ಬೆಳಿಗ್ಗೆ ನಮ್ಮ ಕಡೆಯ ರೂಢಿಯಂತೆ ಅಂಗಳದಲ್ಲಿ ಬಾವುಟ ಏರಿಸಿ ಅವಳನ್ನು ಕಟ್ಟೆಗೆ ಕರೆದುಕೊಂಡು ಹೋದೆ. ಕ್ಲಬ್ಬಿನವರೆಲ್ಲ ಹಾಡಿದರು. ಮೆಟ್ಟಿಲು ಯಾವುದರದ್ದೆಂದು ಹೇಳಿದಾಗ ಡಾಗ್ನಿ ಮಂಡಿಯೂರಿ ಕೂತು ಮೂರನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಿವಿ ಹಿಡಿದೆಳೆದು ಎಲ್ಲರೆದುರಿಗೇ ಮುತ್ತು ಕೊಟ್ಟಳು.

"ಮೂವತ್ತೈದು ವರ್ಷಕ್ಕೆ ಒಂದು ಒಳ್ಳೆ ಕೆಲ್ಸ ಮಾಡ್ದೆ ನೋಡು" ಎಂದಳು.

ಜನವರಿಯ ಮೂರನೇ ವಾರ ಚಳಿ ಮೈನಸ್ ಎಂಟು ಡಿಗ್ರಿಗೆ ಇಳಿಯಿತು. ದಂಡೆಯಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಅಂಥ ಬೆಳಿಗ್ಗೆ ಬೇರೆ ಯಾರೂ ಬಂದಿರಲಿಲ್ಲ, ನಾವಿಬ್ಬರೇ. ಅವಳು ಬೆನ್ನು ತಿರುಗಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು, ಎರಡನೆಯದಕ್ಕೆ ಇಟ್ಟಳು. ಚಟ್ ಎಂದು ಒಂದು ಸದ್ದು. ಒಣ ರೊಟ್ಟಿ ಮುರಿದ ಹಾಗೆ, ಅಷ್ಟೇ. ಅವಳು ಕಂಬಕ್ಕೆ ಸೊಂಟ ಬಡಿದುಕೊಂಡು ನೀರಿಗೆ ಬಿದ್ದಳು.

ನಾನು ಬೂಟು, ಕೋಟು ಸಮೇತ ಹಾರಿದೆ. ಹೇಗೆ ಎಳೆದು ಮೇಲೆ ತಂದೆನೋ ಗೊತ್ತಿಲ್ಲ. ಟವಲ್ಲು, ಅವಳ ಸ್ವೆಟರು, ಕ್ಲಬ್ಬಿನ ಕಂಬಳಿ, ಕೈಗೆ ಸಿಕ್ಕಿದ್ದೆಲ್ಲ ಸುತ್ತಿ ಅವಳ ಫೋನಿನಿಂದ ಕರೆ ಮಾಡಿದೆ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಕಾಲು ಜಾರಿಬಿಡ್ತು ಐನರ್" ಎಂದಳು. "ಐವತ್ತು ವರ್ಷದಲ್ಲಿ ಮೊದಲ್ನೇ ಸಲ... ಕಾಲು ಜಾರಿಬಿಡ್ತು ನೋಡು."

ನಾನು ಮೆಟ್ಟಿಲ ಕಡೆ ತಿರುಗಿ ನೋಡಿದೆ. ಎರಡನೇ ಮೆಟ್ಟಿಲು ನಡುವೆ ಮುರಿದು, ಎರಡು ತುಂಡು ಬೋಲ್ಟಿನಲ್ಲಿ ನೇತಾಡುತ್ತಿತ್ತು. ಅಂಚು ಗಾಜಿನ ಹಾಗೆ ಹೊಳೆಯುತ್ತಿತ್ತು.

"ಹೂಂ" ಎಂದೆ. "ಮಂಜು ಕಟ್ಟಿತ್ತು. ಜಾರಿತು."

ಅಷ್ಟೇ ಹೇಳಿದ್ದು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅಷ್ಟೇ. ಆಮೇಲೆ ಹೇಳೋಣ, ಮೊದಲು ಅವಳು ಬೆಚ್ಚಗಾಗಲಿ ಅಂದುಕೊಂಡೆ. ಆಂಬುಲೆನ್ಸು ಬಂತು. ಸೊಂಟದ ಮೂಳೆ ಮುರಿದಿತ್ತು, ಅದೇ ದಿನ ಕೂಡಿಸಿದರು. ಅವಳು ಮಂಪರಿನಲ್ಲಿದ್ದಾಗ ನಾನು ಮಾಡಿದ್ದೇನು ಗೊತ್ತೇ? ಮಧ್ಯಾಹ್ನ ಸ್ಪ್ಯಾನರ್ ಹಿಡಿದು ಕಟ್ಟೆಗೆ ಹೋಗಿ ಮೂರೂ ಮೆಟ್ಟಿಲು ಬಿಚ್ಚಿದೆ, ಓಕ್ ಮರದ ಹಲಗೆ ಹಾಕಿದೆ. ಪ್ಲಾಸ್ಟಿಕ್ ತುಂಬ ಜಾರುತ್ತೆ, ಅದಕ್ಕೇ ಬದಲಾಯಿಸಿದೆ ಎಂದು ಪ್ರೆಬೆನ್‌ಗೆ ಹೇಳಿದೆ. ಅವನು ನನ್ನ ಹೆಗಲು ತಟ್ಟಿದ. ಇಂಥ ಹೇಡಿಯ ಹೆಗಲು ತಟ್ಟಿಸಿಕೊಂಡಿತು ಆವತ್ತು!

ಮುರಿದ ತುಂಡನ್ನು ಬೋಡಿಲ್‌ಳ ಮೇಜಿನ ಮೇಲಿಟ್ಟೆ. ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಅವಳು ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒಂದು ಚೂರನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟು, ಕಾಫಿ ಕುಡಿದು, ತೆಗೆದು ಎರಡು ಬೆರಳಲ್ಲಿ ಮುರಿದಳು. ಚಟ್. ಅದೇ ಸದ್ದು.

"ಎಷ್ಟು ಸಲ ಕರಗಿಸ್ದೆ?"

"ಐದು ಸಲ. ನಯ ಬರ್ಲಿ ಅಂತ."

"ನಿನ್ ನಯಕ್ಕಿಷ್ಟು ಬೆಂಕಿ ಹಾಕ! ಅದು ನಯ ಅಲ್ಲ ಐನರ್, ಸತ್ವ ಹೋಗ್ತಿರೋದು. ಹಗ್ಗದ ಪ್ಲಾಸ್ಟಿಕ್ ಒಳಗೆ ಕಣ್ಣಿಗೆ ಕಾಣದ ಉದ್ದುದ್ದ ಎಳೆ ಇರ್ತವೆ. ಅವು ಒಂದಕ್ಕೊಂದು ಸುತ್ಕೊಂಡಿರೋದಕ್ಕೇ ಗಟ್ಟಿ. ನಿನ್ ತಿರುಪು ಅದನ್ನ ಬಿಸೀಲಿ ಅರೆದಾಗೆಲ್ಲ ಎಳೆ ತುಂಡಾಗ್ತಾ ಹೋಗತ್ತೆ. ಒಂದ್ಸಲಕ್ಕೆ ಸ್ವಲ್ಪ, ಐದು ಸಲಕ್ಕೆ ಚೂರುಚೂರು."

"ಆದ್ರೆ ಐದು ಬಂತಲ್ಲ! ನಾನೇ ತೂಗ್ದೆ. ಸರಿಯಾಗಿ ಐದು!"

ಬೋಡಿಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಅದೇ ಕಣೋ ಕರ್ಮ. ಹಗ್ಗದ ಎಳೆ ತುಂಡಾದ್ರೆ ಮಾಲು ನೀರಾಗಿ ಹರಿಯತ್ತೆ, ಅಂಕಿ ಮೇಲೇರತ್ತೆ. ಕ್ರೇಟಿಂದು ಉಲ್ಟಾ. ಅದರ ಎಳೆ ಸುಟ್ಟು ಸುಟ್ಟು ಒಂದಕ್ಕೊಂದು ಅಂಟ್ಕೊಂಡು ಸಿಕ್ಕಾಗತ್ತೆ, ಹರಿಯಲ್ಲ, ಅಂಕಿ ಕೆಳಗಿಳಿಯತ್ತೆ. ನೀನು ಎರಡೂ ಸೇರಿಸ್ದೆ. ಒಬ್ಬನಿಗೆ ಜ್ವರ, ಇನ್ನೊಬ್ಬ ಚಳಿಗೆ ಸೆಟೆದುಹೋಗಿದಾನೆ. ಇಬ್ಬರ ಮೈ ಬಿಸಿ ಕೂಡಿಸಿ ಅರ್ಧ ಮಾಡಿದ್ರೆ ಇಬ್ಬರೂ ಚೆನ್ನಾಗಿದಾರೆ ಅಂತಲೇ ಬರತ್ತೆ. ಅದರ ಮೇಲೆ ಅವೆರಡೂ ಒಂದಕ್ಕೊಂದು ಬೆರೆಯೋ ಜಾತಿನೇ ಅಲ್ಲ. ಮೇಲೆ ನೋಡಕ್ಕೆ ಒಂದು, ಒಳಗೆ ಬೇರೆ ಬೇರೆ. ಚಳಿ ಬಿತ್ತು, ಕಾಲು ಬಿತ್ತು, ಮುರೀತು."

ಎರಡು ಕೆಡುಕು ಸೇರಿ ನನಗೆ ಒಂದು ಒಳ್ಳೆಯ ಅಂಕಿ ತೋರಿಸಿದ್ದವು. ಬೇರೆ ಯಾವ ಕಸುಬಿನವನಿಗೂ ಈ ಮೋಸ ಆಗುತ್ತಿರಲಿಲ್ಲ. ಅಂಕಿಯ ಗೊಡವೆಯಿಲ್ಲದವನು ಹಲಗೆಯ ಮೇಲೆ ನಿಂತು ಕುಣಿದು ನೋಡುತ್ತಿದ್ದ. ನಾನು ಹಲಗೆ ಬಿಟ್ಟು ಅಂಕಿ ನೋಡಿ ಕುಣಿದೆ.

"ಡಾಗ್ನಿಗೆ ಹೇಳಿದೀಯಾ?" ಎಂದು ಬೋಡಿಲ್ ಕೇಳಿದಳು.

"ಹೇಳ್ತೀನಿ."

"ಯಾವಾಗ?"

"ಮನೆಗೆ ಬರ್ಲಿ ಮೊದ್ಲು."

ಮನೆಗೆ ಬಂದಳು. ಹೇಳಲಿಲ್ಲ. ಊರುಗೋಲು ಬಿಡಲಿ ಎಂದುಕೊಂಡೆ. ಮಾರ್ಚ್ ಕೊನೆಗೆ ಊರುಗೋಲು ಬಿಟ್ಟಳು, ಮೂಳೆ ಚೆನ್ನಾಗಿ ಕೂಡಿದೆ, ಈಜಬಹುದು, ಈಜಿದರೆ ಒಳ್ಳೆಯದೇ ಎಂದು ಡಾಕ್ಟರು ಹೇಳಿದರು. ಆವತ್ತು ಕಾರಿನಲ್ಲಿ ನಾನು, "ನಾಳೆ ಹೋಗೋಣ್ವಾ ಕಟ್ಟೆಗೆ?" ಎಂದೆ.

ಡಾಗ್ನಿ ಕಿಟಕಿಯ ಹೊರಗೆ ನೋಡುತ್ತಾ, "ಬೇಡ. ಆಯ್ತು ಬಿಡು ನಂದು" ಎಂದಳು.

"ಏನ್ ಆಯ್ತು?"

"ವಯಸ್ಸಾಯ್ತು. ಕಾಲು ಎಲ್ಲಿಡ್ತೀನಿ ಅನ್ನೋದು ನಂಗೇ ಗೊತ್ತಾಗಲ್ಲ ಅಂದ್ರೆ ನೀರಿಗೆ ಇಳಿಯೋ ಯೋಗ್ಯತೆ ಇಲ್ಲ. ನಮ್ಮಪ್ಪನೂ ಹಂಗೇ, ಒಂದ್ಸಲ ದೋಣಿ ಮೇಲೆ ಎಡವಿದ ದಿನಾನೇ ಬಂದು ದೋಣಿ ಬೀಗದ ಕೈ ನಮಗೆ ಕೊಟ್ಟುಬಿಟ್ಟ."

ಈಗ ಹೇಳು, ಈಗ ಹೇಳು ಎಂದು ಒಳಗೆ ಒಂದು ಧ್ವನಿ ಬಡಿದುಕೊಳ್ಳುತ್ತಿತ್ತು. ಒಂದೇ ಮಾತು: ನಿನ್ನ ಕಾಲು ಜಾರಲಿಲ್ಲ, ನನ್ನ ಮೆಟ್ಟಿಲು ಮುರಿಯಿತು. ಹೇಳಿದ್ದರೆ ಮರುದಿನವೇ ಅವಳು ನೀರಿನಲ್ಲಿರುತ್ತಿದ್ದಳು. ಆದರೆ ಅವಳು ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೋ! ಮೂಳೆ ಮುರಿಸಿದ್ದಲ್ಲದೆ ಎರಡು ತಿಂಗಳು ಮುಚ್ಚಿಟ್ಟೆ ಎಂದು ಬೇರೆ ಹೇಳಬೇಕು. ದಿನ ಹೋದಷ್ಟೂ ಮುಚ್ಚಿಟ್ಟದ್ದೇ ಮುರಿದದ್ದಕ್ಕಿಂತ ದೊಡ್ಡದಾಗುತ್ತಾ ಹೋಯಿತು. ನಾನು ಗೇರ್ ಬದಲಾಯಿಸಿದೆ, ಬಾಯಿ ಬಿಡಲಿಲ್ಲ.

ಕ್ಲಬ್ಬಿನ ಬೀಗದ ಕೈಯನ್ನು ಅವಳು ಅಂಚೆಯಲ್ಲಿ ಕಳಿಸಿದಳು. ಮೇ ತಿಂಗಳಲ್ಲಿ ಸೈಕಲ್ಲು ಮಾರಿದಳು. ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ಗೋಡೆಗೆ ಕೈ ಆನಿಸಿಕೊಂಡು ಬರತೊಡಗಿದಳು, ಏನೂ ನೋವಿಲ್ಲದಿದ್ದರೂ. ನನ್ನನ್ನು ಗೇಲಿ ಮಾಡುವುದನ್ನೂ ಬಿಟ್ಟಳು. ಆ ಬೇಸಿಗೆ ಎಂಥ ಬೇಸಿಗೆ ಗೊತ್ತೇ? ಜೂನಿನಿಂದ ಆಗಸ್ಟಿನವರೆಗೆ ಮೋಡವೇ ಇಲ್ಲ. ಊರಿಗೆ ಊರೇ ಫ್ಯೋರ್ಡಿನಲ್ಲಿತ್ತು. ಕಿಟಕಿ ತೆಗೆದರೆ ನೀರಿನಲ್ಲಿ ಕೂಗಾಡುವವರ ಸದ್ದು ಒಳಗೆ ಬರುತ್ತಿತ್ತು. ಡಾಗ್ನಿ ಕಿಟಕಿ ಮುಚ್ಚಿ ಹೆಣಿಗೆ ಹಿಡಿದು ಕೂರುತ್ತಿದ್ದಳು. ನಾನು ಕಾರ್ಖಾನೆಯಿಂದ ತಡವಾಗಿ ಬರತೊಡಗಿದೆ.

ಬೋಡಿಲ್ ಮಾತ್ರ ಬಿಡಲಿಲ್ಲ. ವಾರಕ್ಕೊಮ್ಮೆ ಕೇಳುತ್ತಿದ್ದಳು. ಜುಲೈಯಲ್ಲಿ ಒಂದು ದಿನ, "ನಾನೇ ಹೇಳ್ಬಿಡ್ಲಾ?" ಎಂದಳು. ನಾನು ಕೈ ಮುಗಿಯುವುದೊಂದು ಬಾಕಿ. "ನಾನೇ ಹೇಳ್ತೀನಿ, ಒಂದು ವಾರ ಕೊಡು" ಎಂದೆ. ಅವಳು ಮುಖ ತಿರುಗಿಸಿಕೊಂಡು ಹೋದಳು. ಆಮೇಲೆ ನನ್ನ ಜೊತೆ ಕಾಫಿ ಕುಡಿಯಲಿಲ್ಲ.

ಆಗಸ್ಟ್ ಕೊನೆಯಲ್ಲಿ ಡಾಗ್ನಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ಮೇದೋಜೀರಕದ ಕ್ಯಾನ್ಸರ್, ಲಿವರಿಗೂ ಹಬ್ಬಿದೆ ಎಂದರು. ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಡಾಕ್ಟರನ್ನು ನಾನು ಮೂರು ಸಲ ಕೇಳಿದೆ. ವಾರಗಳ ಮಾತು ಎಂದರು. ಅವಳು ಆಸ್ಪತ್ರೆ ಬೇಡ ಎಂದಳು. ಹಜಾರದಲ್ಲೇ ಹಾಸಿಗೆ ಹಾಕಿದೆವು. ನರ್ಸು ದಿನಕ್ಕೆ ಎರಡು ಸಲ ಬಂದು ಹೋಗುತ್ತಿದ್ದಳು.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಅವಳಿಗೆ ಸ್ವಲ್ಪ ಹಗುರವಾಗಿತ್ತು. ರೈ ಧಾನ್ಯದ ರೊಟ್ಟಿಯ ಒಂದು ಚೂರು ತಿಂದಳು. ಹೊರಗೆ ನೋಡುತ್ತಾ ತನಗೆ ತಾನೇ ಎಂಬಂತೆ, "ಬೀಳೋದಕ್ಕೆ ಮುಂಚಿನ ದಿನ ಇನ್ನೂ ಸ್ವಲ್ಪ ಹೊತ್ತು ನೀರಲ್ಲಿ ಇರಬೇಕಿತ್ತು. ಅದೇ ಕೊನೇದು ಅಂತ ಯಾರಿಗ್ ಗೊತ್ತಿತ್ತು?" ಎಂದಳು. ಆಮೇಲೆ, "ನಂದೇ ತಪ್ಪು. ಕಾಲಿನ ಮೇಲೆ ಗಮನ ಇಡ್ಲಿಲ್ಲ" ಎಂದಳು.

ನನಗೆ ತಡೆಯಲಾಗಲಿಲ್ಲ. ಹಾಸಿಗೆಯ ಪಕ್ಕ ಕುಸಿದು ಕೂತು ಎಲ್ಲವನ್ನೂ ಹೇಳಿದೆ. ಹಗ್ಗ, ಕ್ರೇಟು, ಐದು ಸಲ ಕರಗಿಸಿದ್ದು, ಐದು ಬಂದ ಅಂಕಿ, ಸ್ಪ್ಯಾನರ್ ಹಿಡಿದು ಹೋದದ್ದು, ಪ್ರೆಬೆನ್‌ಗೆ ಹೇಳಿದ ಸುಳ್ಳು. ಅತ್ತುಕೊಂಡೇ ಹೇಳಿದೆ.

"ಮೆಟ್ಟಿಲು ಮುರೀತಾ?" ಎಂದಳು ಕೊನೆಗೆ.

"ಮುರೀತು."

"ನಾನು ಜಾರ್ಲಿಲ್ವಾ?"

"ಇಲ್ಲ ಡಾಗ್ನಿ. ನಿನ್ ಕಾಲು ಸರಿಯಾದ ಜಾಗದಲ್ಲೇ ಇತ್ತು. ನಾನು ಕಣ್ಣಾರೆ ನೋಡ್ದೆ."

ಕಂಬಳಿಯ ಕೆಳಗೆ ಅವಳ ಪಾದ ಅಲುಗಿತು. ಅವಳು ಕಂಬಳಿ ಸರಿಸಿ ಅದನ್ನು ನೋಡಿದಳು. ಕಡ್ಡಿಯಾಗಿದ್ದ ಕಾಲು. ಬೆರಳುಗಳನ್ನು ಒಂದೊಂದಾಗಿ ಆಡಿಸಿದಳು.

"ಪ್ರೀತಿಯಿಂದ ಮಾಡ್ದೆ. ಮೆಟ್ಟಿಲು ಮುರಿದಿದ್ದಕ್ಕೆ ನಂಗೇನೂ ಸಿಟ್ಟಿಲ್ಲ ಕಣೋ" ಎಂದಳು. ಅವಳ ಕೈ ನನ್ನ ತಲೆಯ ಮೇಲೆ ಬಂದು ಕೂತಿತು. ಮುಗಿಯಿತು, ಕ್ಷಮಿಸಿದಳು ಅಂದುಕೊಂಡೆ.

ಆಮೇಲೆ ಅವಳು ಕೈ ತೆಗೆದಳು.

"ಈ ಸಲ ಬೇಸಿಗೇಲಿ ನೀರು ಎಷ್ಟು ಡಿಗ್ರಿ ಇತ್ತು?"

ನಾನು ಕಂಬಳಿಯ ಅಂಚು ಸರಿಪಡಿಸಿದೆ.

"ನೀನು ದಿನಾ ಬಂದರಿನ ಮುಂದೇನೇ ಹೋಗ್ತಿದ್ದೆ. ಹೇಳು."

"ಇಪ್ಪತ್ತೊಂದು" ಎಂದೆ. "ಜುಲೈಯಲ್ಲಿ ಇಪ್ಪತ್ತೊಂದು ಇತ್ತು."

"ಇಪ್ಪತ್ತೊಂದು!" ಎಂದಳು ಡಾಗ್ನಿ. ಅವಳು ಅಳುವುದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು ಆಗ. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಚಿಕ್ಕ ಹುಡುಗಿಯ ಹಾಗೆ ಅತ್ತಳು. "ನಂಗೆ ಒಂದು ಪೂರ್ತಿ ಬೇಸಿಗೆ ಇತ್ತಲ್ಲೋ ಐನರ್. ಕಾಲು ಗಟ್ಟಿಯಾಗೇ ಇತ್ತು. ಏಪ್ರಿಲಿಂದ ಆಗಸ್ಟ್‌ವರೆಗೂ ಇತ್ತು."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಅದನ್ನು ಕಂಬಳಿಯೊಳಗೆ ಎಳೆದುಕೊಂಡಳು. ನರ್ಸು ಬಂದು ಔಷಧಿ ಕೊಡುವವರೆಗೂ ಹಾಗೇ ಇದ್ದಳು.

ಆಮೇಲೆ ಹನ್ನೊಂದು ದಿನ ಬದುಕಿದ್ದಳು. ನನ್ನ ಜೊತೆ ಚೆನ್ನಾಗಿಯೇ ಮಾತಾಡಿದಳು, ಊಟ ಮಾಡಿದೆಯಾ ಎಂದು ಕೇಳಿದಳು, ಸ್ವೆಟರು ಎಲ್ಲಿದೆಯೆಂದು ಹೇಳಿದಳು. ಒಂದು ಸಲ ನಾನು, "ನಿನ್ ಬೇಸಿಗೆ ಹಾಳ್ಮಾಡಿದ್ದಕ್ಕೆ ನನ್ನ ಕ್ಷಮಿಸ್ತೀಯಾ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, "ಅದು ನನ್ ಕೈಲಿ ಆಗಲ್ಲ ಕಣೋ" ಎಂದಳು. ಸಿಟ್ಟಿನಿಂದಲ್ಲ, ಆಗದ್ದನ್ನು ಆಗುವುದಿಲ್ಲ ಎನ್ನುವ ಹಾಗೆ ಹೇಳಿದಳು. ಪಕ್ಕದಲ್ಲಿದ್ದ ನೀರಿನ ಲೋಟ ಎತ್ತಿ ಕೊಡು ಎಂದಳು, ಕೊಟ್ಟೆ.